ಎಂಜಿನ್ ಕೊಟ್ಟರು, ಹಗ್ಗ ಕೊಡಲಿಲ್ಲ

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಒಂದು ಏರು ಇತ್ತು. ಈಗ ದಿಣ್ಣೆ ಕಡಿದು ರಸ್ತೆ ಅಗಲ ಮಾಡಿದ್ದಾರೆ, ಅದನ್ನು ಏರು ಎಂದರೆ ಯಾರೂ ನಂಬುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಸರ್ವಿಸ್ ಕಾರು ಅದರ ಬುಡಕ್ಕೆ ಬಂದರೆ ಸಾಕು, ನಾವು ಬಾಯಿ ತೆರೆಯುವ ಮೊದಲೇ ಪ್ರಯಾಣಿಕರು ಇಳಿಯಲು ಶುರು ಮಾಡುತ್ತಿದ್ದರು. ಗಂಡಸರು ಹಿಂದಿನಿಂದ ತಳ್ಳುತ್ತಿದ್ದರು. ಹೆಂಗಸರು ಕುಕ್ಕೆ ಹೊತ್ತುಕೊಂಡು ಮುಂದೆ ನಡೆಯುತ್ತಿದ್ದರು. ವೀಳ್ಯದೆಲೆ ಮಾರುವ ಒಬ್ಬ ಅಜ್ಜಿಯಂತೂ ಕಾರಿಗಿಂತ ಮುಂಚೆ ಏರು ಹತ್ತಿ, ಮೇಲೆ ಕಲ್ಲಿನ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ ನಮ್ಮ ದಾರಿ ಕಾಯುತ್ತಿದ್ದಳು. ಕಾಸು ಕೊಟ್ಟು ಹತ್ತಿದವಳು ಹಾಗೆ ಕಾಯುತ್ತ ಕೂತಿರುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಅವಳ ಮೇಲಲ್ಲ, ನಮ್ಮ ಎಂಜಿನ್ನಿನ ಮೇಲೆ.

ಕಾರು ನನ್ನ ಭಾವನದು. ಅಕ್ಕನ ಗಂಡ. ಮೊದಲು ಜಟಕಾ ಹೊಡೆಯುತ್ತಿದ್ದವನು. ಪೇಟೆಗೆ ಮೋಟಾರು ಹೆಚ್ಚಾದ ಮೇಲೆ ಕುದುರೆಯನ್ನು ಮಾರಿ, ಯಾವುದೋ ಕಾಫಿ ತೋಟದ ದೊರೆ ಬಿಟ್ಟುಹೋಗಿದ್ದ ಹಳೆಯ ತೆರೆದ ಕಾರೊಂದನ್ನು ಕೊಂಡ. ನಾನು ಹಾಸನದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿತವನು. ಕಾರಿನ ಹಿಂಭಾಗ ಕೊಯ್ದು, ಹಲಗೆ ಹೊಡೆದು, ಎದುರುಬದುರು ಬೆಂಚು ಕೂರಿಸಿ ಅದನ್ನು ಸರ್ವಿಸ್ ಕಾರು ಮಾಡಿದೆವು. ಭಾವ ಓಡಿಸುತ್ತಿದ್ದ, ನಾನು ರಿಪೇರಿ ಮತ್ತು ಟಿಕೆಟ್ಟು. ಕುದುರೆಯನ್ನು ಕೊಟ್ಟ ದಿನ ಭಾವ ಅದರ ಲಗಾಮು ಕಳಚಿಕೊಂಡು ಬಂದಿದ್ದ. ಕೊಂಡವನು ತನ್ನ ಲಗಾಮು ತಾನೇ ತಂದಿದ್ದನಂತೆ. ನಮ್ಮ ಕಡೆ ದನ ಮಾರಿದರೂ ಹಾಗೇ. ದನ ಹೋಗುತ್ತದೆ, ಹಗ್ಗ ಕೊಟ್ಟಿಗೆಯಲ್ಲೇ ಉಳಿಯುತ್ತದೆ. ಹಗ್ಗವನ್ನೂ ಕೊಟ್ಟರೆ ಕೊಟ್ಟಿಗೆಯ ಭಾಗ್ಯ ಅದರ ಹಿಂದೆಯೇ ಹೋಗಿಬಿಡುತ್ತದೆ ಎಂದು ನಂಬಿಕೆ. ಆ ಲಗಾಮು ದೇವರ ಗೂಡಿನ ಪಕ್ಕದ ಗೂಟದಲ್ಲಿ ನೇತಾಡುತ್ತಿತ್ತು. ನಾನು ಆಗ ಇದನ್ನೆಲ್ಲ ಗೇಲಿ ಮಾಡುವ ವಯಸ್ಸಿನವನು.

ಪೆಟ್ರೋಲಿಗೆ ಕೂಪನ್ ಬಂದ ಮೇಲೆ ನಾವೂ ಎಲ್ಲರಂತೆ ಹಿಂದುಗಡೆ ಗ್ಯಾಸ್ ಪ್ಲಾಂಟು ಕೂರಿಸಿದೆವು. ಅದೊಂದು ಎತ್ತರದ ಕಬ್ಬಿಣದ ಒಲೆ. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ತಿದಿ ಒತ್ತಿ ಊದಬೇಕು. ಹೊಗೆ ತೆಂಗಿನ ನಾರು ತುಂಬಿದ ಡಬ್ಬಿಯಲ್ಲಿ ಸೋಸಿಕೊಂಡು ಎಂಜಿನ್ನಿಗೆ ಬರುತ್ತದೆ. ಮೊದಲು ಒಂದಿಷ್ಟು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಆಮೇಲೆ ಗ್ಯಾಸಿಗೆ ತಿರುಗಿಸುವುದು. ಗ್ಯಾಸಿನಲ್ಲಿ ಯಾವ ಎಂಜಿನ್ನಾದರೂ ಅರ್ಧಕ್ಕರ್ಧ ಸೊರಗುತ್ತದೆ. ನಮ್ಮದು ಮೊದಲೇ ನಾಲ್ಕು ಸಿಲಿಂಡರಿನ ಸಣ್ಣ ಎಂಜಿನ್. ಮಟ್ಟಸ ನೆಲದಲ್ಲಿ ಹೇಗೋ ಓಡುತ್ತಿತ್ತು. ಏರು ಬಂದರೆ ಕೆಮ್ಮಿ ನಿಲ್ಲುತ್ತಿತ್ತು.

ಒಂದು ದಿನ ತಳ್ಳುವವರ ನಡುವೆ ಸೂಟು ಹಾಕಿದ ಸಾಹೇಬರೊಬ್ಬರೂ ಇದ್ದರು. ತಳ್ಳಿ, ಏರು ಹತ್ತಿ, ಕೈ ಒರೆಸಿಕೊಂಡು, ತಾವು ಹೊಸದಾಗಿ ಬಂದಿರುವ ಬ್ರೇಕ್ ಇನ್‌ಸ್ಪೆಕ್ಟರು ಎಂದು ಹೇಳಿದರು. ಬೈಯಲಿಲ್ಲ. ಸುಗ್ಗಿ ಮುಗಿದ ಮೇಲೆ ತಾವೇ ಬಂದು ಪೂರ್ತಿ ಜನ ತುಂಬಿಸಿ ಇದೇ ಏರು ಹತ್ತಿಸುವುದಾಗಿಯೂ, ಒಬ್ಬರಾದರೂ ಇಳಿದರೆ ಈ ಲೈನಿನ ಪರ್ಮಿಟ್ಟು ರದ್ದು ಮಾಡುವುದಾಗಿಯೂ ತಣ್ಣಗೆ ತಿಳಿಸಿದರು. ಭಾವ ತಲೆ ಮೇಲಿನ ಟವೆಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಆಗಲಿ ಸಾ ಎಂದ. ಕುದುರೆ ಹೋಗಿತ್ತು. ಪರ್ಮಿಟ್ಟೂ ಹೋದರೆ ಅವನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಅಕ್ಕ ಊಟಕ್ಕೆ ಬಡಿಸುತ್ತ ಏನಾಯಿತೆಂದು ಕೇಳಿದಳು. ಏನಿಲ್ಲ ಎಂದ. ಅವನು ಎರಡನೇ ಮುದ್ದೆ ಬೇಡ ಎಂದಾಗಲೇ ಅಕ್ಕನಿಗೆ ಏನೋ ಇದೆ ಎಂದು ಗೊತ್ತಾಯಿತು.

ದೊಡ್ಡ ಎಂಜಿನ್ ಕೊಳ್ಳುವ ಯೋಗ್ಯತೆ ನಮಗಿರಲಿಲ್ಲ. ಆದರೆ ಒಂದು ದೊಡ್ಡ ಎಂಜಿನ್ ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು. ಚನ್ನರಾಯಪಟ್ಟಣದ ಕಡೆ ಬಾಗೂರಿನಲ್ಲಿ ಒಬ್ಬ ಯಜಮಾನರು ಹಿಟ್ಟಿನ ಗಿರಣಿ ಇಟ್ಟಿದ್ದರು. ಹಣೆ ತುಂಬ ವಿಭೂತಿ, ಬೇಸಾಯವೂ ಉಂಟು, ವ್ಯಾಪಾರವೂ ಉಂಟು. ಅವರ ಗಿರಣಿಯನ್ನು ಓಡಿಸುತ್ತಿದ್ದದ್ದು ಎಲ್ಲೋ ಹಳ್ಳಕ್ಕೆ ಬಿದ್ದು ಮುರಿದ ಕಾರಿನಿಂದ ಬಿಚ್ಚಿದ ಆರು ಸಿಲಿಂಡರಿನ ಎಂಜಿನ್. ಅದನ್ನು ಕಲ್ಲುಕಟ್ಟೆಯ ಮೇಲೆ ಕೂರಿಸಿ, ಸೀಮೆಎಣ್ಣೆಗೆ ಹೊಂದಿಸಿ, ಬೆಲ್ಟು ಹಾಕಿದ್ದರು. ಒಂದೆರಡು ಸಲ ವಾಲ್ವು ಉಜ್ಜಿಕೊಡಲು ನಾನೇ ಹೋಗಿದ್ದೆ. ಒಂದು ಜೊತೆ ಬೀಸುವ ಕಲ್ಲಿಗೆ ಆರು ಸಿಲಿಂಡರು ಯಾತಕ್ಕೆ? ಸೀಮೆಎಣ್ಣೆಯೂ ರೇಷನ್ ಆದ ಮೇಲೆ ಯಜಮಾನರು ಗಿರಣಿಯನ್ನು ವಾರಕ್ಕೆ ಎರಡೇ ದಿನ ತೆರೆಯುತ್ತಿದ್ದರು. ಅವರಿಗೆ ಕಮ್ಮಿ ಕುಡಿಯುವ ಎಂಜಿನ್ ಬೇಕು, ನಮಗೆ ಹೆಚ್ಚು ಎಳೆಯುವ ಎಂಜಿನ್ ಬೇಕು. ಇದು ಹೊಳೆದ ದಿನ ನಾನು ಖುಷಿಯಲ್ಲಿ ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾವನ್ನು ಎಲ್ಲಿಟ್ಟೆನೆಂದೇ ಮರೆತೆ. ಸಾಯಂಕಾಲ ಅದು ಇದ್ದಿಲು ಚೀಲದಲ್ಲಿ ಸಿಕ್ಕಿತು.

ಬಾಗೂರಿಗೆ ಭಾವನನ್ನು ಕರೆದುಕೊಂಡು ಹೋದೆ. ಭಾವ ಆ ಎಂಜಿನ್ನಿನ ಸುತ್ತ ಮೂರು ಸುತ್ತು ಬಂದ. ಪಕ್ಕೆ ತಟ್ಟಿದ. ಅದರ ಎಣ್ಣೆಯನ್ನು ಬೆರಳಲ್ಲಿ ತೆಗೆದು ಉಜ್ಜಿ ಮೂಸಿದ. ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ ನಿಂತು, ಉಸಿರು ಕೇಳಿದ. ಒಂದು ಕಾಲು ಕುಂಟುತ್ತದೆ ಎಂದ. ಸರಿಯಾಗಿಯೇ ಹೇಳಿದ್ದ, ಒಂದು ಸಿಲಿಂಡರು ಸರಿಯಾಗಿ ಹೊಡೆಯುತ್ತಿರಲಿಲ್ಲ. ಕುದುರೆಗೆ ನೋಡುವ ಹಾಗೆ ಸುಳಿ ನೋಡುವುದೊಂದು ಬಾಕಿ ಎಂದು ನಾನು ನಕ್ಕೆ. ಅವನು ನಗಲಿಲ್ಲ.

ಆಮೇಲೆ ಭಾವನೂ ಯಜಮಾನರೂ ಗಿರಣಿಯ ಜಗಲಿಯ ಮೇಲೆ ಕೂತರು. ಯಜಮಾನರು ಹೆಗಲ ಟವೆಲು ತೆಗೆದು ಇಬ್ಬರ ಕೈ ಮೇಲೂ ಮುಚ್ಚಿದರು. ದನದ ವ್ಯಾಪಾರದಲ್ಲಿ ಯಾರಿಗೂ ಕಾಣದಂತೆ ಬೆಲೆ ಕುದುರಿಸುವ ಹಾಗೆ, ಟವೆಲಿನ ಕೆಳಗೆ ಬೆರಳು ಹಿಡಿಯುವುದು, ಒತ್ತುವುದು, ಬಿಡುವುದು. ಮುಖ ನೋಡಿದರೆ ಮಳೆಯ ವಿಷಯ ಮಾತಾಡುತ್ತಿರುವ ಹಾಗಿತ್ತು. ಎಂಜಿನ್ನಿನ ವಿಷಯ ತಿಳಿದ ಒಬ್ಬನೇ ಮನುಷ್ಯನಾದ ನನ್ನನ್ನು ಇಬ್ಬರೂ ಒಂದು ಮಾತು ಕೇಳಲಿಲ್ಲ. ನಾನು ಹಲ್ಲು ಕಡಿಯುತ್ತ ನಿಂತಿದ್ದೆ. ಕೊನೆಗೆ ಟವೆಲು ತೆಗೆದರು, ಎಲೆಅಡಿಕೆ ಬದಲಾಯಿತು. ಒಪ್ಪಂದ ಏನೆಂದು ಭಾವ ಆಮೇಲೆ ಹೇಳಿದ. ಎಂಜಿನ್ನಿಗೆ ಎಂಜಿನ್, ಮೇಲೆ ಯಾರೂ ಯಾರಿಗೂ ಏನೂ ಕೊಡುವಂತಿಲ್ಲ. ನಮ್ಮದನ್ನು ನಾನೇ ಬಂದು ಅವರ ಕಟ್ಟೆಯ ಮೇಲೆ ಕೂರಿಸಿ ಓಡಿಸಿ ತೋರಿಸಬೇಕು. ಸಾಗಿಸುವ ಗಾಡಿ ಎತ್ತು ಅವರದು.

ಅಂದರೆ ಕೆಲಸವೆಲ್ಲ ನನ್ನದು. ನಾನೇನೂ ಬೇಡ ಎನ್ನಲಿಲ್ಲ.

ನಮ್ಮ ಎಂಜಿನ್ನನ್ನು ಹುಣಸೆ ಮರದ ಕೊಂಬೆಗೆ ಸರಪಣಿ ಕಟ್ಟಿ ಎತ್ತಿದೆವು. ಅದನ್ನು ಹುಲ್ಲು ಹಾಸಿದ ಗಾಡಿಗೆ ಇಳಿಸಿ ಬಾಗೂರಿಗೆ ಕಳಿಸಿ, ನಾನೂ ಭಾವನೂ ಹಿಂದೆಯೇ ಹೋದೆವು. ಕಟ್ಟೆಯ ಮೇಲಿನ ಆರು ಸಿಲಿಂಡರನ್ನು ಇಳಿಸಿ ನಾಲ್ಕನ್ನು ಕೂರಿಸುವುದು ಹೇಳಿದಷ್ಟು ಸುಲಭವಾಗಲಿಲ್ಲ. ಬೋಲ್ಟಿನ ತೂತುಗಳು ಕೂಡಲಿಲ್ಲ. ಎರಡು ಹೊನ್ನೆ ಮರದ ತೊಲೆ ಅಡ್ಡ ಹಾಕಿ, ಅದಕ್ಕೆ ಎಂಜಿನ್ ಬಿಗಿದು, ಬೆಲ್ಟು ನೇರ ಬರುವಂತೆ ದಾರ ಹಿಡಿದು ಸರಿಮಾಡಿದೆ. ಎಲ್ಲ ಮುಗಿದು ಸ್ಟಾರ್ಟ್ ಮಾಡೋಣ ಎಂದು ಹ್ಯಾಂಡಲ್ ಕೇಳಿದೆ. ಆ ಕಾಲದ ಎಂಜಿನ್ನುಗಳಿಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ಕೈಯಲ್ಲಿ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕಿತ್ತು. ಹ್ಯಾಂಡಲಿನ ತುದಿಯ ಹಲ್ಲು ಎಂಜಿನ್ನಿನ ಹಲ್ಲಿಗೆ ಕಚ್ಚಬೇಕು. ಒಂದರದು ಇನ್ನೊಂದಕ್ಕೆ ಆಗುವುದಿಲ್ಲ.

ಗಾಡಿಯ ಹುಲ್ಲಿನಲ್ಲಿ ಹುಡುಕಿದೆ, ಸಿಗಲಿಲ್ಲ. ಭಾವ ಬೇರೆ ಕಡೆ ನೋಡುತ್ತಿದ್ದ. ಹ್ಯಾಂಡಲ್ ಎಲ್ಲಿ ಭಾವ ಎಂದು ನೇರವಾಗಿ ಕೇಳಿದೆ.

"ಮನೇಲೈತೆ" ಎಂದ.

ಮರೆತು ಬಂದೆಯಾ ಎಂದೆ.

"ಮರ್ತಿಲ್ಲ ಕಣ್ಲಾ. ಎಂಜಿನ್ ಕೊಟ್ಟಿವ್ನಿ. ಹಗ್ಗ ಕೊಡಾದು ನಮ್ ಪದ್ದತಿ ಅಲ್ಲ."

ಯಜಮಾನರ ಕಡೆ ನೋಡಿದೆ. ಈಗ ಜಗಳ ಆಗುತ್ತದೆ, ವ್ಯಾಪಾರ ಮುರಿಯುತ್ತದೆ, ನಾನು ಈ ಭಾರವನ್ನೆಲ್ಲ ಮತ್ತೆ ಇಳಿಸಿ ಗಾಡಿಗೆ ಹೇರಬೇಕು ಎಂದುಕೊಂಡೆ. ಯಜಮಾನರು ಗಂಭೀರವಾಗಿ ತಲೆಯಾಡಿಸಿದರು.

"ನಿನ್ ಭಾವ ಸರ್ಯಾಗೇ ಮಾಡವ್ನೆ ಕಣಪ್ಪ. ನಾನೂ ಅದ್ನೇ ಯೋಳಾನ ಅಂತಿದ್ದೆ" ಎಂದರು. ಎದ್ದು ಹೋಗಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಆರು ಸಿಲಿಂಡರಿನ ಹ್ಯಾಂಡಲನ್ನು ತೆಗೆದು, ಅಂಗವಸ್ತ್ರದಲ್ಲಿ ಒರೆಸಿ, ಒಳಗಿನ ದೇವರ ಗೂಡಿನಲ್ಲಿ ಇಟ್ಟು, ವಿಭೂತಿ ಹಚ್ಚಿ ಬಂದರು. "ಇದೂ ಇಲ್ಲೇ ಇರ್ಲಿ. ಹಗ್ಗ ಇದ್ರೆ ದನ ಒಂದಲ್ಲ ಒಂದಿನ ಕೊಟ್ಟಿಗೆಗೆ ಬತ್ತದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡ ರೀತಿಯಲ್ಲಿ ಎಂಥ ತೃಪ್ತಿ ಇತ್ತೆಂದರೆ, ಬೀಗರು ಸಿಕ್ಕ ಹಾಗಿತ್ತು. ನಾನು ಸಿಟ್ಟಿನಿಂದ ಕೂಗಾಡಿದೆ. ಇದು ದನವಲ್ಲ, ಕಬ್ಬಿಣ, ಹಲ್ಲಿಗೆ ಹಲ್ಲು ಕೂಡದಿದ್ದರೆ ಇಬ್ಬರ ಎಂಜಿನ್ನೂ ಕಲ್ಲುಗುಂಡು ಎಂದೆ. ಯಜಮಾನರು ಸಮಾಧಾನದಿಂದ, ಹೊಸ ಹಗ್ಗ ಕೊಂಡವರೇ ಹೊಸೆದುಕೊಳ್ಳಬೇಕಪ್ಪ ಎಂದರು. ಆ ದಿನ ಬೆಲ್ಟಿಗೆ ನಾಲ್ಕು ಜನ ಜೋತುಬಿದ್ದು ಎಳೆದು ನಾಲ್ಕು ಸಿಲಿಂಡರನ್ನು ಸ್ಟಾರ್ಟ್ ಮಾಡಿದೆವು. ಹಿಟ್ಟು ಸಣ್ಣಗೆ ಬಂತು. ಯಜಮಾನರ ಹೆಂಡತಿ ಮೊದಲ ಹಿಡಿ ಹಿಟ್ಟನ್ನು ಎಂಜಿನ್ನಿಗೇ ತೋರಿಸಿ ಪಕ್ಕಕ್ಕಿಟ್ಟರು. ಹ್ಯಾಂಡಲ್ ಇಲ್ಲದ ಆರು ಸಿಲಿಂಡರನ್ನು ಗಾಡಿಗೆ ಹೇರಿಕೊಂಡು ನಾವು ಊರಿಗೆ ಬಂದೆವು. ದಾರಿಯಲ್ಲಿ ನಾನು ಭಾವನ ಜೊತೆ ಮಾತು ಬಿಟ್ಟಿದ್ದೆ. ಅವನು ಎತ್ತಿನ ಜೊತೆ ಮಾತಾಡಿಕೊಂಡು ಬಂದ.

ಊರಿನಲ್ಲಿ ನಿಜವಾದ ಕಷ್ಟ ಶುರುವಾಯಿತು. ಹೊಸ ಎಂಜಿನ್ ಹಳೆಯದಕ್ಕಿಂತ ಒಂದು ಗೇಣಿಗೂ ಮಿಕ್ಕಿ ಉದ್ದ. ರೇಡಿಯೇಟರನ್ನು ಮುಂದಕ್ಕೆ ತಳ್ಳಿದೆ, ಸಾಲಲಿಲ್ಲ. ಡ್ರೈವರನ ಮುಂದಿನ ತಗಡನ್ನು ಕೊಯ್ದು ಎಂಜಿನ್ನಿನ ಹಿಂಭಾಗವನ್ನು ಒಳಕ್ಕೆ ಬಿಟ್ಟುಕೊಂಡೆ. ಅಂದಿನಿಂದ ಭಾವನ ಎಡಗಾಲು ಯಾವಾಗಲೂ ಬೆಚ್ಚಗಿರುತ್ತಿತ್ತು. ಗೇರ್‌ಬಾಕ್ಸು ಹಳೆಯ ಕಾರಿನದೇ, ಎಂಜಿನ್ ಬೇರೆ ಕಂಪನಿಯದು, ಎರಡರ ಬಾಯಿ ಕೂಡುವುದಿಲ್ಲ. ನಡುವೆ ಒಂದು ದಪ್ಪ ಕಬ್ಬಿಣದ ಬಳೆ ಬೇಕಿತ್ತು. ಹಾಸನದಲ್ಲಿ ನಾನು ಕೆಲಸ ಕಲಿತ ವರ್ಕ್‌ಶಾಪಿನ ಮೇಸ್ತ್ರಿ, ಭಾನುವಾರ ಲೇತು ಖಾಲಿ ಇರುತ್ತದೆ, ಬಂದು ನೀನೇ ಕಡೆದುಕೋ ಎಂದರು. ಕಡೆದು ತಂದು ಕೂರಿಸಿದರೆ ಕ್ಲಚ್ಚು ನಡುಗಿತು. ಬಳೆ ಒಂದು ಕಡೆ ಕೂದಲೆಳೆಯಷ್ಟು ದಪ್ಪ ಉಳಿದುಬಿಟ್ಟಿತ್ತು, ಅದಕ್ಕೇ ಶಾಫ್ಟು ಓರೆ. ಮತ್ತೆ ಹಾಸನಕ್ಕೆ ಹೊತ್ತುಕೊಂಡು ಹೋದೆ. ಮೇಸ್ತ್ರಿ ಮತ್ತೆ ಲೇತಿನ ಬೆಲ್ಟು ಹಾಕಿಕೊಟ್ಟರು. ಎರಡನೇ ಸಲ ಕೂಡಿತು.

ಎಂಜಿನ್ ಬಿಚ್ಚಿ ನೋಡಿದರೆ ಸೀಮೆಎಣ್ಣೆಯ ಮಸಿ ಪಿಸ್ಟನ್ನಿನ ಮೇಲೆ ಹಪ್ಪಳದ ಹಾಗೆ ಕಟ್ಟಿತ್ತು. ಕೆರೆದೆ. ವಾಲ್ವುಗಳನ್ನು ಕೂರಿಸಿ ಉಜ್ಜಿದೆ, ಭಾವ ಹೇಳಿದ ಕುಂಟು ಕಾಲು ಸುಟ್ಟುಹೋದ ವಾಲ್ವಿನದೇ. ಬೇರಿಂಗುಗಳು ಸಡಿಲವಾಗಿದ್ದವು. ಅವುಗಳ ಸಂದಿನಲ್ಲಿ ತೆಳುವಾದ ಹಿತ್ತಾಳೆ ತಗಡಿನ ಪದರಗಳಿರುತ್ತವೆ. ಒಂದೊಂದೇ ಪದರ ತೆಗೆದು, ಬಿಗಿದು, ತಿರುಗಿಸಿ, ಮತ್ತೆ ಬಿಚ್ಚಿ ನೋಡುವುದು. ಹೆಚ್ಚು ತೆಗೆದರೆ ಕಚ್ಚುತ್ತದೆ, ಕಮ್ಮಿ ತೆಗೆದರೆ ಬಡಿಯುತ್ತದೆ. ಅಕ್ಕ ಮಜ್ಜಿಗೆ ತಂದು ಕಾರಿನ ಕೆಳಗೆ ತೂರಿಸುತ್ತಿದ್ದಳು. ಮಲಗಿಕೊಂಡೇ ಕುಡಿಯುತ್ತಿದ್ದೆ. ಈಗ ನೆನೆದರೆ ಅಷ್ಟು ಸುಖದ ದಿನಗಳು ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ ಅನಿಸುತ್ತದೆ. ಆಗ ಮಾತ್ರ ಎಲ್ಲರ ಮೇಲೂ ರೇಗುತ್ತಿದ್ದೆ.

ಹ್ಯಾಂಡಲನ್ನು ಪೇಟೆಯ ಕುಲುಮೆಯಲ್ಲಿ ಮಾಡಿಸಿದೆವು. ಗ್ಯಾಸು ನಿಧಾನವಾಗಿ ಉರಿಯುವುದರಿಂದ ಕಿಡಿಯನ್ನು ಸ್ವಲ್ಪ ಮುಂಚೆಯೇ ಬೀಳುವಂತೆ ಇಡಬೇಕು. ಆದರೆ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡುವಾಗ ಅದನ್ನು ಹಿಂದಕ್ಕೆಳೆಯದಿದ್ದರೆ ಎಂಜಿನ್ ಉಲ್ಟಾ ಒದೆಯುತ್ತದೆ. ಕಿಡಿಯನ್ನು ಹಿಂದುಮುಂದು ಮಾಡುವ ಸನ್ನೆಯನ್ನು ಹಿಂದಕ್ಕೆಳೆಯಲು ಭಾವನಿಗೆ ಹೇಳಿದ್ದೆ, ಅವನು ಕುದುರೆಗೆ ಮಾಡುವ ಹಾಗೆ ಬಾನೆಟ್ಟು ಸವರುತ್ತ ನಿಂತುಬಿಟ್ಟ. ಹ್ಯಾಂಡಲ್ ಒದ್ದು, ತುದಿಯ ಹಲ್ಲು ಮುರಿದು ಹಾರಿತು. ನನ್ನ ಮುಂಗೈ ಊದಿಕೊಂಡಿತು. ಕಬ್ಬಿಣದ ಹದ ಹೆಚ್ಚಾಗಿ ಪೆಡಸಾಗಿತ್ತು. ಎರಡನೆಯದನ್ನು ಮೆತ್ತಗೆ ಮಾಡಿಸಿದೆವು. ಅದು ಮುರಿಯಲಿಲ್ಲ. ಎಂಜಿನ್ ಸ್ಟಾರ್ಟ್ ಆಯಿತು, ಆರೂ ಸಿಲಿಂಡರು ಒಂದೇ ಸಮ ಗುಂಯ್‌ಗುಟ್ಟಿದವು. ಭಾವ ಕಣ್ಣು ಮುಚ್ಚಿ ಕೇಳಿದ. ಈಗ ನಾಲ್ಕು ಕಾಲೂ ಸರಿಯಾಗಿವೆ ಎಂದ. ಆರು ಎಂದು ನಾನು ತಿದ್ದಿದೆ.

ಮರುದಿನವೇ ಇನ್‌ಸ್ಪೆಕ್ಟರು ಬಂದರು.

ಕಾರು ತುಂಬ ಜನ. ಎಲೆ ಮಾರುವ ಅಜ್ಜಿ ಹಿಂದಿನ ಬೆಂಚಿನ ಮೂಲೆಯಲ್ಲಿ. ಇನ್‌ಸ್ಪೆಕ್ಟರು ಭಾವನ ಪಕ್ಕದಲ್ಲಿ. ನಾನು ಫುಟ್‌ಬೋರ್ಡಿನ ಮೇಲೆ. ಏರಿನ ಬುಡ ಬಂತು. ರೂಢಿಯಂತೆ ಒಂದಿಬ್ಬರು ಎದ್ದರು, ಇನ್‌ಸ್ಪೆಕ್ಟರು ತಿರುಗಿ ನೋಡಿದ್ದಕ್ಕೆ ಕೂತರು. ಕಾರು ಏರಿತು. ಹಿಂದೆಂದೂ ಏರದ ಹಾಗೆ, ಸುಮ್ಮನೆ ಮಾತಾಡಿಕೊಂಡು ಹೋಗುವ ಹಾಗೆ ಏರಿತು. ಅರ್ಧ ಏರು ಮುಗಿದಾಗ ಇನ್‌ಸ್ಪೆಕ್ಟರು ಕೈ ಎತ್ತಿದರು. "ಇಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ. ಬ್ರೇಕ್ ಹಿಡಿಯುತ್ತಾ ನೋಡಬೇಕು."

ಭಾವ ನಿಲ್ಲಿಸಿದ. ಬ್ರೇಕು ಹಿಡಿಯಿತು, ಅದಕ್ಕೆ ಹೊಸ ಪಟ್ಟಿ ಹಾಕಿದ್ದು ನಾನೇ. ಇನ್‌ಸ್ಪೆಕ್ಟರು ಇಳಿದು ನೋಡಿ, ಮತ್ತೆ ಹತ್ತಿ ಕೂತು, ಇನ್ನು ಹೊರಡಿ ಎಂದರು. ನಾನು ಪೆಟ್ರೋಲಿನ ನಲ್ಲಿ ತಿರುಗಿಸಿ, ಮುಂದೆ ಹೋಗಿ ಹ್ಯಾಂಡಲ್ ಹಾಕಿ ಎಳೆದೆ. ಹ್ಯಾಂಡಲ್ ತಿರುಗಿತು, ಎಂಜಿನ್ ತಿರುಗಲಿಲ್ಲ. ಮತ್ತೆ ಎಳೆದೆ, ಮತ್ತೆ ಜಾರಿತು. ತೆಗೆದು ನೋಡಿದರೆ ಹಲ್ಲುಗಳು ಬೆಣ್ಣೆಯ ಹಾಗೆ ಸವೆದು ದುಂಡಗಾಗಿದ್ದವು. ಕಬ್ಬಿಣದ ಹದ ಕಮ್ಮಿಯಾಗಿತ್ತು. ಇದಕ್ಕೆ ಸರಿಯಾಗಿ ಕಚ್ಚುವ ಹ್ಯಾಂಡಲ್ ಲೋಕದಲ್ಲಿ ಒಂದೇ ಒಂದು ಇತ್ತು. ಅದು ಬಾಗೂರಿನಲ್ಲಿ ವಿಭೂತಿ ಹಚ್ಚಿಸಿಕೊಂಡು ಕೂತಿತ್ತು.

ಮುಂದಕ್ಕೆ ತಳ್ಳಿ ಸ್ಟಾರ್ಟ್ ಮಾಡಲು ಏರು, ಆಗದ ಮಾತು. ಜನ ಇಳಿದರೆ ಪರ್ಮಿಟ್ಟು ಹೋಯಿತು. ಹಿಂದೆ ಒಲೆಯ ಬೆಂಕಿ ಇಳಿಯುತ್ತಿತ್ತು. ಭಾವ ನನ್ನ ಮುಖ ನೋಡಿದ. ನಾನು ಫುಟ್‌ಬೋರ್ಡಿಗೆ ಬಂದು ಅವನ ಕಿವಿಯ ಹತ್ತಿರ ಬಾಗಿ, ರಿವರ್ಸ್ ಗೇರ್ ಹಾಕಿ ಕ್ಲಚ್ಚು ತುಳಿದುಕೊಂಡು ಬ್ರೇಕು ಬಿಡು, ಹಿಂದಕ್ಕೆ ಉರುಳಲಿ, ವೇಗ ಬಂದ ಕೂಡಲೇ ಕ್ಲಚ್ಚು ಬಿಡು, ರಿವರ್ಸಿನಲ್ಲಿ ಹಿಂದಕ್ಕೆ ಹೋದರೆ ಎಂಜಿನ್ ಸರಿಯಾದ ದಿಕ್ಕಿಗೇ ತಿರುಗುತ್ತದೆ ಎಂದೆ.

"ಒಳ್ಗೆ ಜನ ಅವ್ರೆ ಕಣ್ಲಾ" ಎಂದ.

"ಬ್ರೇಕ್ ನಾನ್ ಮಾಡಿರಾದು ಭಾವ. ಇಡಿತದೆ. ನೀನು ಇಂದಕ್ ನೋಡು, ಎಂಜಿನ್ ನಂಗ್ ಬುಡು."

ಜಟಕಾ ಹೊಡೆಯುವಾಗ ಕುದುರೆಯನ್ನು ಹಿಂದಕ್ಕೆ ನಡೆಸುವುದರಲ್ಲಿ ನಮ್ಮ ಪೇಟೆಯಲ್ಲಿ ಭಾವನನ್ನು ಮೀರಿಸುವವರಿರಲಿಲ್ಲ. ಬಾಗಿಲ ಹೊರಗೆ ತಲೆ ಹಾಕಿ, ಹಿಂದಿನ ರಸ್ತೆಯನ್ನು ನೋಡಿ, ನಾಲಿಗೆಯಲ್ಲಿ ಲೊಚಗುಟ್ಟಿ ಬ್ರೇಕು ಬಿಟ್ಟ. ಹೆಂಗಸರು ದೇವರ ಹೆಸರು ಕರೆದರು. ಇನ್‌ಸ್ಪೆಕ್ಟರು ಎದುರಿನ ಕಂಬಿ ಹಿಡಿದುಕೊಂಡರು, ಇಳಿಯಲಿಲ್ಲ. ಕಾರು ಹಿಂದುಹಿಂದಕ್ಕೆ, ಮೊದಲು ಮೆಲ್ಲಗೆ, ಆಮೇಲೆ ಗಡಗಡನೆ ಉರುಳಿತು. ನಾನು ಬಾಗಿಲಿನಲ್ಲಿ ಜೋತುಬಿದ್ದು ಕಿಡಿಯ ಸನ್ನೆಯನ್ನು ಹಿಂದಕ್ಕೆ ಹಿಡಿದಿದ್ದೆ. ಈಗ ಎಂದೆ. ಭಾವ ಕ್ಲಚ್ಚು ಬಿಟ್ಟ. ಕಾರು ಒಮ್ಮೆ ಮುಗ್ಗರಿಸಿತು, ಕೆಮ್ಮಿತು, ಆಮೇಲೆ ಆರೂ ಸಿಲಿಂಡರು ಎದ್ದವು. ಬ್ರೇಕು ಹಿಡಿಯಿತು. ಭಾವ ಗೇರು ಬದಲಿಸಿದ. ಕಾರು ಅಲ್ಲಿಂದ ಏರಿನ ತುದಿಯವರೆಗೆ ಎಲ್ಲೂ ನಿಲ್ಲಲಿಲ್ಲ. ಮೇಲೆ ಅಜ್ಜಿ ಕೂರುತ್ತಿದ್ದ ಕಲ್ಲನ್ನು ದಾಟಿ ಹೋಗುವಾಗ ಅಜ್ಜಿ ಅದನ್ನು ತಿರುಗಿ ತಿರುಗಿ ನೋಡಿದಳು.

ಅರಕಲಗೂಡಿನಲ್ಲಿ ಇನ್‌ಸ್ಪೆಕ್ಟರು ಸವೆದ ಹ್ಯಾಂಡಲನ್ನು ಕೈಯಲ್ಲಿ ಹಿಡಿದು ನೋಡಿದರು.

"ಈ ಎಂಜಿನ್ನಿನ ಸ್ವಂತ ಹ್ಯಾಂಡಲ್ ಎಲ್ಲಿ?"

"ಬಾಗೂರಲ್ಲಿ, ದೇವರ ಗೂಡಲ್ಲೈತೆ ಸಾ" ಎಂದ ಭಾವ.

"ಮತ್ತೆ ನಿಮ್ಮ ಹಳೇ ಎಂಜಿನ್ನಿನದು?"

"ನಮ್ಮನೆ ದೇವರ ಗೂಡಲ್ಲೈತೆ ಸಾ."

ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಹಲ್ಲಿಗೆ ಹದ ಸರಿಯಾಗಿ ಕೊಡಿಸಬೇಕೆಂದು ಹೇಳಿ ಪರ್ಮಿಟ್ಟಿಗೆ ರುಜು ಹಾಕಿದರು. ಭಾವ ಅಂದು ಮನೆಗೆ ಬಂದು ಮೂರು ಮುದ್ದೆ ಉಂಡ. ಮೂರನೆಯ ಹ್ಯಾಂಡಲನ್ನು ನಾನು ಹಾಸನದಲ್ಲಿ ಮೇಸ್ತ್ರಿಯ ಎದುರಿಗೆ ನಿಂತು ಮಾಡಿಸಿದೆ. ಅದು ಕೊನೆಯವರೆಗೂ ಸವೆಯಲಿಲ್ಲ.

ಯುದ್ಧ ಮುಗಿಯಿತು. ಗ್ಯಾಸ್ ಪ್ಲಾಂಟು ಬಿಚ್ಚಿ ಮೂಲೆಗೆ ಹಾಕಿದೆವು. ಅಕ್ಕ ಅದರಲ್ಲಿ ಕೆಲವು ದಿನ ನೀರು ಕಾಯಿಸಿದಳು. ಆಮೇಲೆ ದೊಡ್ಡ ಬಸ್ಸುಗಳು ಬಂದವು. ಅವುಗಳ ಪಕ್ಕದಲ್ಲಿ ನಮ್ಮ ಕಾರು ನಿಂತರೆ ಮದುವೆ ಮನೆಗೆ ಹಳೇ ಪಂಚೆಯಲ್ಲಿ ಹೋದ ಹಾಗಿತ್ತು. ಭಾವನ ಕಣ್ಣೂ ಮಂಜಾಗುತ್ತ ಬಂತು. ಲೈನು ಬಿಟ್ಟುಕೊಟ್ಟೆವು. ಕಾರು ಹುಣಸೆ ಮರದ ಕೆಳಗೆ ನಿಂತಿತು. ಕೋಳಿಗಳು ಬೆಂಚಿನ ಕೆಳಗೆ ಮೊಟ್ಟೆ ಇಡತೊಡಗಿದವು.

ಒಂದು ಬೆಳಿಗ್ಗೆ ಬಾಗೂರಿನ ಯಜಮಾನರು ಗಾಡಿ ಹೂಡಿಸಿಕೊಂಡು ಬಂದರು. ತಲೆ ಪೂರ್ತಿ ನೆರೆತಿತ್ತು. ಈಗ ಸೀಮೆಎಣ್ಣೆ ಸಿಗುತ್ತಿದೆ, ಭತ್ತದ ಮಿಲ್ಲೂ ಹಾಕಿದ್ದೇನೆ, ನಾಲ್ಕು ಸಿಲಿಂಡರು ಸಾಲದು, ಅದನ್ನು ಜಿನನಾಥಪುರದ ಒಬ್ಬರು ತೋಟದ ನೀರಿಗೆ ತೆಗೆದುಕೊಂಡು ಹೋದರು ಎಂದರು. ಆರು ಸಿಲಿಂಡರನ್ನು ಕೊಡುತ್ತೀರಾ ಎಂದು ಕೇಳಿದರು. ಭಾವ ಟವೆಲು ಕೊಡವಿದ. ಜಗಲಿಯ ಮೇಲೆ ಟವೆಲಿನ ಕೆಳಗೆ ಬೆರಳುಗಳು ಮತ್ತೆ ಮಾತಾಡಿದವು. ಈ ಸಲ ನಾನು ಹಲ್ಲು ಕಡಿಯಲಿಲ್ಲ. ನಿಂತು ನೋಡಿದೆ.

ಎಂಜಿನ್ ಗಾಡಿಗೆ ಏರುವ ಮೊದಲು ಒಮ್ಮೆ ಓಡಿಸಿ ನೋಡೋಣ ಎಂದರು ಯಜಮಾನರು. ನಾನು ನಮ್ಮ ಹ್ಯಾಂಡಲ್ ತರಲು ಒಳಗೆ ಹೊರಟೆ. ಹೊರಟವನು ನಡುವೆ ನಿಂತೆ. ಅದನ್ನು ತಂದು ಅವರ ಕೈಗೆ ಕೊಡಲು ನನಗೆ ಮನಸ್ಸೇ ಬರಲಿಲ್ಲ. ಅಷ್ಟರಲ್ಲಿ ಅವರು, ಬ್ಯಾಡ ಕಣಪ್ಪ ಎಂದು ತಡೆದರು. ಗಾಡಿಯ ಹುಲ್ಲಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದರು. ಬಿಚ್ಚಿದರೆ ಹಳೆಯ ಹ್ಯಾಂಡಲ್. ವಿಭೂತಿಯ ಮೇಲೆ ವಿಭೂತಿ ಕಟ್ಟಿ ಕಬ್ಬಿಣವೇ ಬೆಳ್ಳಗಾಗಿತ್ತು. ಹಾಕಿ ತಿರುಗಿಸಿದರು, ಹಲ್ಲಿಗೆ ಹಲ್ಲು ಕಟ್ ಎಂದು ಕೂತಿತು. ಎಂಜಿನ್ ಒಂದೇ ಎಳೆತಕ್ಕೆ ಎದ್ದಿತು.

ಭಾವ ಬಹಳ ಹೊತ್ತು ಆ ಹ್ಯಾಂಡಲನ್ನೇ ನೋಡಿದ.

"ನಿಮ್ದು ಬಂತು ಸ್ವಾಮಿ" ಎಂದ.

"ನಿಂದೂ ಬತ್ತದೆ ಬುಡಪ್ಪ, ಹಗ್ಗ ಐತಲ್ಲ" ಎಂದರು ಯಜಮಾನರು.

"ನಂದು ಕುದ್ರೆ ಸ್ವಾಮಿ" ಎಂದ ಭಾವ. ಇಷ್ಟು ವರ್ಷ ಅವನು ಕಾದಿದ್ದು ನಾಲ್ಕು ಸಿಲಿಂಡರಿಗಲ್ಲ ಎಂದು ನನಗೆ ಆಗ ತಿಳಿಯಿತು.

ಭಾವ ಹೋಗಿ ಬಹಳ ಕಾಲವಾಯಿತು. ಅಕ್ಕನೂ ಇಲ್ಲ. ದೇವರ ಗೂಡಿನ ಪಕ್ಕದ ಗೂಟದಲ್ಲಿ ಕುದುರೆಯ ಲಗಾಮು, ನಾಲ್ಕು ಸಿಲಿಂಡರಿನ ಹ್ಯಾಂಡಲ್, ನಾನು ಮಾಡಿಸಿದ ಆರು ಸಿಲಿಂಡರಿನ ಹ್ಯಾಂಡಲ್ ಮೂರೂ ಒಟ್ಟಿಗೆ ನೇತಾಡುತ್ತಿವೆ. ಮನೆಯವರು ಪ್ರತಿ ಸಲ ಸುಣ್ಣ ಬಳಿಯುವಾಗಲೂ ಹಳೇ ಕಬ್ಬಿಣಕ್ಕೆ ಹಾಕೋಣವೇ ಎಂದು ಕೇಳುತ್ತಾರೆ. ನಾನು ಕೇಳಿಸದವನ ಹಾಗೆ ಇರುತ್ತೇನೆ. ಆಯುಧಪೂಜೆಯ ದಿನ ಮಾತ್ರ ಮೂರನ್ನೂ ಇಳಿಸಿಕೊಂಡು ಜಗಲಿಯ ಮೇಲೆ ಕೂರುತ್ತೇನೆ. ಹ್ಯಾಂಡಲುಗಳ ಹಲ್ಲಿಗೆ ಗ್ರೀಸು ಸವರುತ್ತೇನೆ. ಲಗಾಮಿನ ಚರ್ಮಕ್ಕೆ ಎಣ್ಣೆ ತೀಡುತ್ತೇನೆ. ಒಣಗಿ ಬಿರಿದುಬಿಟ್ಟರೆ, ಕುದುರೆ ಬಂದ ದಿನ ಹಾಕುವುದಕ್ಕೆ ಬೇರೆ ಇಲ್ಲ.